ಊರಿಗೆ ಯಾವ ಬೋರ್ಡ್ ಗೇಮ್ ತಗೊಂಡು ಹೋಗ್ಲಿ?

ಇವತ್ತಿನ ಸಂಚಿಕೆ ಹುಟ್ಟಿದ್ದು ಒಂದು ವಾಯ್ಸ್ ನೋಟ್‌ನಿಂದ. ಕೇಳುಗರೊಬ್ಬರು ಕಳಿಸಿದ್ದು. "ಹಬ್ಬಕ್ಕೆ ಊರಿಗೆ ಹೋಗ್ತಿದ್ದೀನಿ. ಮನೇಲಿ ಏಳು ಜನ ಸೇರ್ತೀವಿ. ಅಜ್ಜಿನೂ ಇರ್ತಾರೆ. ಪ್ರತಿ ಸಲ ಮೂರು ದಿನವೂ ಎಲ್ಲರೂ ಫೋನ್ ನೋಡ್ಕೊಂಡೇ ಕೂತಿರ್ತೀವಿ. ಈ ಸಲ ಒಂದು ಬೋರ್ಡ್ ಗೇಮ್ ತಗೊಂಡು ಹೋಗೋಣ ಅಂತ. ಬೆಸ್ಟ್ ಯಾವುದು ಹೇಳಿ" ಅಂತ ಕೇಳಿದ್ರು.

ಒಂದೇ ಸಾಲಲ್ಲಿ ಉತ್ತರ ಟೈಪ್ ಮಾಡೋಕೆ ಹೊರಟೆ. ಆಗ್ಲಿಲ್ಲ. ಯಾಕಂದ್ರೆ ಇದೇ ಪ್ರಶ್ನೆಗೆ ತಪ್ಪು ಉತ್ತರ ಹುಡುಕ್ಕೊಂಡು ನಾನೇ ಒಂದು ದೀಪಾವಳಿ ಕೆಡಿಸಿದ್ದೀನಿ. ಅಲ್ಲಿಂದಲೇ ಶುರು ಮಾಡ್ತೀನಿ.

ಮೂರು ವರ್ಷದ ಹಿಂದಿನ ಮಾತು. ಆಗಷ್ಟೇ ನನಗೆ ಈ ಹುಚ್ಚು ಹಿಡಿದಿತ್ತು. ಬೆಂಗಳೂರಿನ ಒಂದು ಬೋರ್ಡ್ ಗೇಮ್ ಕೆಫೆಯಲ್ಲಿ ಫ್ರೆಂಡ್ಸ್ ಜೊತೆ ಕ್ಯಾಟಾನ್ ಆಡಿದ್ದೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಕ್ಯಾಟಾನ್ ಅಂದ್ರೆ ಒಂದು ದ್ವೀಪ. ಆರು ಮೂಲೆಯ 19 ತುಂಡು ಜೋಡಿಸಿ ದ್ವೀಪ ಮಾಡ್ತೀವಿ. ಒಂದೊಂದು ತುಂಡಲ್ಲೂ ಮರ, ಇಟ್ಟಿಗೆ, ಕುರಿ, ಗೋಧಿ, ಅದಿರು ಇಂಥದ್ದೇನೋ ಸಿಗುತ್ತೆ, ಮರುಭೂಮಿ ಒಂದು ಬಿಟ್ಟು. ಎರಡು ದಾಳ ಉರುಳಿಸಿ, ಬಿದ್ದ ಸಂಖ್ಯೆಯ ಜಾಗದ ಪಕ್ಕ ನಿಮ್ಮ ಮನೆ ಇದ್ರೆ ನಿಮಗೆ ಮಾಲು. ಅದನ್ನ ಬೇರೆಯವರ ಜೊತೆ ಚೌಕಾಸಿ ಮಾಡಿ ಬದಲಾಯಿಸಿಕೊಂಡು ರಸ್ತೆ, ಮನೆ ಕಟ್ಟಬೇಕು. ಮೊದಲು 10 ಪಾಯಿಂಟ್ ಮಾಡಿದವರು ಗೆದ್ದ ಹಾಗೆ. ಬಿಕಾಂ ಓದಿದವರಿಗೆ ಇದು ಹಬ್ಬ. ಎರಡು ದಾಳಕ್ಕೆ ಒಟ್ಟು 36 ಸಾಧ್ಯತೆ, ಅದರಲ್ಲಿ 6 ಮತ್ತು 8 ತಲಾ ಐದು ರೀತಿಯಲ್ಲಿ ಬೀಳುತ್ತೆ, 2 ಮತ್ತು 12 ತಲಾ ಒಂದೇ ರೀತಿಯಲ್ಲಿ. ಎಲ್ಲಿ ಮನೆ ಕಟ್ಟಬೇಕು ಅನ್ನೋದು ಪೂರ್ತಿ ಹೂಡಿಕೆಯ ಲೆಕ್ಕಾಚಾರ.

ಆ ವರ್ಷ ಜೂನ್‌ನಲ್ಲಿ ಅಪ್ಪ ರಿಟೈರ್ ಆಗಿದ್ರು. ಮೂವತ್ತು ವರ್ಷಕ್ಕೂ ಮೇಲೆ ಲೆಕ್ಕಪತ್ರ ನೋಡ್ಕೊಂಡಿದ್ದ ಮನುಷ್ಯ. ಮೊದಲೇ ಮಾತು ಕಮ್ಮಿ, ರಿಟೈರ್ ಆದ್ಮೇಲೆ ಇನ್ನೂ ಕಮ್ಮಿ. ಅಮ್ಮ ಫೋನಲ್ಲಿ ದಿನಾ ಅದನ್ನೇ ಹೇಳೋರು. ಲೆಕ್ಕದ ಆಟ ಅಲ್ವಾ, ಅಪ್ಪಂಗೆ ಇಷ್ಟ ಆಗುತ್ತೆ ಅಂತ ಸುಮಾರು ಮೂರು ಸಾವಿರ ಕೊಟ್ಟು ಕ್ಯಾಟಾನ್ ತಗೊಂಡು ಹಾಸನಕ್ಕೆ ಬಸ್ ಹತ್ತಿದೆ.

ಏನಾಯ್ತು ಗೊತ್ತಾ? ಮನೇಲಿ ಏಳು ಜನ. ಆ ಡಬ್ಬಿ ಇರೋದು ಮೂರು, ನಾಲ್ಕು ಜನಕ್ಕೆ. ಇಬ್ಬಿಬ್ಬರು ಸೇರಿ ಟೀಮ್ ಮಾಡೋಣ ಅಂದೆ. ಆಮೇಲೆ ರೂಲ್ಸ್ ಹೇಳೋಕೆ ಶುರು ಮಾಡಿದೆ. ನಲವತ್ತು ನಿಮಿಷ. ಕಳ್ಳ ಯಾವಾಗ ಬರ್ತಾನೆ, ಬಂದರಿನಲ್ಲಿ ಎಷ್ಟಕ್ಕೆ ಎಷ್ಟು, ಕಾರ್ಡಿನ ಮೇಲೆ ಇಂಗ್ಲಿಷಲ್ಲಿ ಏನು ಬರೆದಿದೆ... ಚಿಕ್ಕಮ್ಮ ಕುಕ್ಕರ್ ಕೂಗ್ತು ಅಂತ ಎದ್ದರು. ಚಿಕ್ಕವನು ಕುರಿ ಕಾರ್ಡ್ ಎಲ್ಲಾ ಬೇರೆ ಜೋಡಿಸ್ತಾ ಕೂತ. ಅಪ್ಪ ಕನ್ನಡಕ ತೆಗೆದು ಒರೆಸ್ಕೊಂಡು, "ನೀವಾಡ್ರಪ್ಪ, ಇದೆಲ್ಲ ನನ್ನ ತಲೆಗೆ ಹೋಗಲ್ಲ" ಅಂತ ಎದ್ದು ವರಾಂಡಕ್ಕೆ ಹೋದ್ರು.

ಜೀವಮಾನ ಪೂರ್ತಿ ತಲೇಲೇ ಕೂಡಿ ಕಳೆದ ಮನುಷ್ಯನ ಬಾಯಲ್ಲಿ ಆ ಮಾತು ಬಂತು. ಬರೋ ಹಾಗೆ ಮಾಡಿದ್ದು ನಾನು. ಅದು ಬಹಳ ದಿನ ಚುಚ್ತಾ ಇತ್ತು.

ಆಟ ಕೆಟ್ಟದ್ದಾ? ಖಂಡಿತ ಅಲ್ಲ. ಜರ್ಮನಿಯ ಕ್ಲೌಸ್ ಟಾಯ್ಬರ್ ಅಂತ, ದಂತ ತಂತ್ರಜ್ಞರಾಗಿದ್ದವರು, ಅದನ್ನ ಮಾಡಿದ್ದು. 1995ರಲ್ಲಿ ಬಂತು, ಅದೇ ವರ್ಷ ಜರ್ಮನಿಯ 'ವರ್ಷದ ಆಟ' ಪ್ರಶಸ್ತಿ, ಅಂದ್ರೆ ಷ್ಪೀಲ್ ಡೆಸ್ ಯಾರೆಸ್, ಗೆದ್ದಿತು. ಇವತ್ತಿನ ಬೋರ್ಡ್ ಗೇಮ್ ಅಲೆಗೆ ಅದೊಂದು ದೊಡ್ಡ ಬಾಗಿಲು. ನಾನು ಡಬ್ಬಿಯನ್ನ ನೋಡಿ ಆರಿಸಿದ್ದೆ, ಚಾಪೆ ಮೇಲೆ ಯಾರು ಕೂರ್ತಾರೆ ಅಂತ ನೋಡಿರಲಿಲ್ಲ. ಅಷ್ಟೇ ತಪ್ಪು.

ಹಾಗಾಗಿ ಈಗ ಯಾರಾದ್ರೂ ಬೆಸ್ಟ್ ಗೇಮ್ ಯಾವುದು ಅಂದ್ರೆ ನಾನು ತಿರುಗಿ ಪ್ರಶ್ನೆ ಕೇಳ್ತೀನಿ. ಮೊದಲನೇದು, ತಲೆ ಎಷ್ಟು? ಡಬ್ಬಿ ಮೇಲೆ ಬರೆದಿರೋ ಸಂಖ್ಯೆಯನ್ನ ನಂಬಿ, ಆದ್ರೆ ಪೂರ್ತಿ ನಂಬಬೇಡಿ. 'ಎರಡರಿಂದ ಐದು' ಅಂತ ಬರೆದಿರುವ ಎಷ್ಟೋ ಆಟಗಳಲ್ಲಿ ಐದು ಜನ ಕೂತ್ರೆ ನಿಮ್ಮ ಸರದಿ ಬರೋಷ್ಟರಲ್ಲಿ ಕಾಫಿ ಆರಿ ಹೋಗಿರುತ್ತೆ. ಡಬ್ಬಿ ಮೇಲಿನ ಸಮಯವೂ ಅಷ್ಟೆ. 45 ನಿಮಿಷ ಅಂತ ಇದ್ರೆ, ಮೊದಲ ಸಲಕ್ಕೆ ಒಂದೂವರೆ ಗಂಟೆ ಅಂತಲೇ ಇಟ್ಕೊಳ್ಳಿ.

ಎರಡನೇದು, ಸೋಲ್ತಾ ಇರೋರು ಕೊನೇ ಅರ್ಧ ಗಂಟೆ ಏನು ಮಾಡ್ತಾ ಇರ್ತಾರೆ? ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ 'ಬಿಸಿನೆಸ್' ಆಡಿದ್ದೀರಲ್ವಾ? ಮೊನಾಪಲಿಯ ನಮ್ಮ ದೇಸಿ ರೂಪ. ಬಾಂಬೆ ಕೊಂಡವನು ಮೆರೀತಿದ್ದ, ದಿವಾಳಿ ಆದವನು ಹೊರಗೆ ಕೂತು ಅಳ್ತಿದ್ದ. ತಮಾಷೆ ಏನಂದ್ರೆ, ಮೊನಾಪಲಿಯ ಮೂಲವಾದ ಆಟವನ್ನ ಅಮೆರಿಕದ ಲಿಝಿ ಮ್ಯಾಗಿ 1904ರಲ್ಲಿ ಪೇಟೆಂಟ್ ಮಾಡಿಸಿದ್ದು, ಜಮೀನ್ದಾರಿಕೆ ಎಷ್ಟು ಅನ್ಯಾಯ ಅಂತ ತೋರಿಸೋಕೆ. ಅಳು ಬರೋದು ಆ ವಿನ್ಯಾಸದಲ್ಲೇ ಇದೆ! ಈಗಿನ ಆಟಗಳು ಹೆಚ್ಚಾಗಿ ಯಾರನ್ನೂ ನಡುವೆ ಹೊರಗೆ ಹಾಕಲ್ಲ. ಉದಾಹರಣೆಗೆ ಅಲನ್ ಮೂನ್ ಅವರ ಟಿಕೆಟ್ ಟು ರೈಡ್, 2004ರದ್ದು. ಬಣ್ಣದ ಕಾರ್ಡ್ ಕೂಡಿಸಿ ಊರಿಂದ ಊರಿಗೆ ರೈಲು ದಾರಿ ಹಾಕೋದು. ಯಾರ ಬಳಿ ಯಾವ ಗುಟ್ಟಿನ ಟಿಕೆಟ್ ಇದೆ ಅಂತ ಕೊನೇವರೆಗೂ ಗೊತ್ತಾಗಲ್ಲ, ಹಾಗಾಗಿ ಹಿಂದೆ ಬಿದ್ದವರಿಗೂ ಆಸೆ ಇರುತ್ತೆ. ಐದು ಜನದ ಒಳಗಿದ್ರೆ, ಹೊಸಬರಿಗೆ ನಾನು ಮೊದಲು ತೆಗೆಯೋದು ಇದನ್ನೇ.

ಮೂರನೇದು ಭಾಷೆ. ಇದು ನಮಗೆ ತುಂಬಾ ಮುಖ್ಯ, ಆದ್ರೆ ಇಂಗ್ಲಿಷ್ ಯೂಟ್ಯೂಬ್ ಚಾನಲ್‌ಗಳಲ್ಲಿ ಯಾರೂ ಹೇಳಲ್ಲ. ಕೋಡ್‌ನೇಮ್ಸ್ ಅಂತ ಒಂದು ಆಟ, ವ್ಲಾದಾ ಖ್ವಾಟಿಲ್ ಅವರದ್ದು, 2016ರಲ್ಲಿ 'ವರ್ಷದ ಆಟ' ಆಯ್ತು. ಮೇಜಿನ ಮೇಲೆ 25 ಪದ. ಎರಡು ತಂಡ. ತಂಡದ ನಾಯಕರಿಗೆ ಮಾತ್ರ ಯಾವ ಪದ ಯಾರದ್ದು ಅಂತ ಗೊತ್ತು. ನಾಯಕ ಒಂದು ಪದ, ಒಂದು ಸಂಖ್ಯೆ ಹೇಳ್ತಾನೆ, ಅಷ್ಟು ಪದಗಳನ್ನ ಉಳಿದವರು ಊಹಿಸಬೇಕು. ಒಂದು ಪದ ಕೊಲೆಗಾರ. ಅದನ್ನ ಮುಟ್ಟಿದ್ರೆ ಆಟ ಮುಗೀತು. ಡಬ್ಬಿಯಲ್ಲಿ ಇರೋದು ಇಂಗ್ಲಿಷ್ ಪದಗಳು. ನಾವು ಅವನ್ನ ಪಕ್ಕಕ್ಕಿಟ್ಟು ಹಳೇ ನೋಟ್‌ಬುಕ್ ಹರಿದು ಚೀಟಿಗಳಲ್ಲಿ ಕನ್ನಡ ಪದ ಬರೆದ್ವಿ. ಆಟದ ಕಳೆಯೇ ಬದಲಾಯ್ತು.

ನಮ್ಮ ತಂಡದ ನಾಯಕಿ ನನ್ನ ಕಸಿನ್, ಹುಟ್ಟಿ ಬೆಳೆದಿದ್ದು ಬೆಂಗಳೂರಲ್ಲಿ. ಅವಳ ಪದಗಳಲ್ಲಿ ಎಳ್ಳು, ಬೆಲ್ಲ, ಕಬ್ಬು ಇತ್ತು. "ಸಂಕ್ರಾಂತಿ, ಮೂರು" ಅಂದ್ಳು. ಅವಳ ಪ್ರಕಾರ ಅದು ಸೂಪರ್ ಕ್ಲೂ. ಚಿಕ್ಕಮ್ಮ ಒಂದು ಕ್ಷಣವೂ ಯೋಚನೆ ಮಾಡದೆ 'ಎತ್ತು' ಚೀಟಿ ಮೇಲೆ ಬೆರಳಿಟ್ಟರು. ಅದೇ ಕೊಲೆಗಾರ! ಕಸಿನ್ ತಲೆ ಚಚ್ಕೊಂಡ್ಳು. ಚಿಕ್ಕಮ್ಮ ಬಿಡ್ತಾರಾ? "ಸಂಕ್ರಾಂತಿ ಅಂದ್ರೆ ಕಿಚ್ಚು ಹಾಯಿಸೋದಲ್ವೇನೇ? ಎತ್ತಿಲ್ದೆ ಯಾವ ಸಂಕ್ರಾಂತಿ?" ಆಮೇಲೆ ಅರ್ಧ ಗಂಟೆ ಆಟ ನಿಂತೇ ಹೋಯ್ತು. ಚಿಕ್ಕಮ್ಮ ತಮ್ಮ ತವರಿನಲ್ಲಿ ಕಿಚ್ಚು ಹಾಯಿಸ್ತಿದ್ದ ಕತೆ ಹೇಳಿದ್ರು, ಬೆದರಿದ ಎತ್ತೊಂದು ಹಗ್ಗ ಕಿತ್ಕೊಂಡು ಓಡಿದ್ದು, ಊರೆಲ್ಲಾ ಹಿಂದೆ ಓಡಿದ್ದು. ನಾವ್ಯಾರೂ ಕೇಳೇ ಇರಲಿಲ್ಲ. ಸೋತಿದ್ದು ನಮ್ಮ ತಂಡವೇ, ಆದ್ರೂ ಆವತ್ತಿನ ರಾತ್ರಿ ಚೆನ್ನಾಗಿತ್ತು.

ಓದೋಕೇ ಕಷ್ಟ ಇರೋರಿದ್ರೆ, ಕಣ್ಣು ಮಂಜಾಗಿರೋ ಅಜ್ಜ ಅಜ್ಜಿ ಇದ್ರೆ, ಡಿಕ್ಸಿಟ್ ನೋಡಿ. ದೊಡ್ಡ ದೊಡ್ಡ ಚಿತ್ರದ ಕಾರ್ಡುಗಳು, ಕನಸಿನ ಥರ ಚಿತ್ರಗಳು, ಅಕ್ಷರವೇ ಇಲ್ಲ. ಒಬ್ಬರು ತಮ್ಮ ಚಿತ್ರಕ್ಕೆ ಒಂದು ಮಾತು ಹೇಳ್ತಾರೆ, ಗಾದೆ ಆಗಬಹುದು, ಸಿನಿಮಾ ಹೆಸರಾಗಬಹುದು. ಉಳಿದವರು ಆ ಮಾತಿಗೆ ಹೊಂದೋ ತಮ್ಮ ಚಿತ್ರ ಸೇರಿಸ್ತಾರೆ. ಮೊದಲನೆಯವರ ಚಿತ್ರ ಯಾವುದು ಅಂತ ಊಹಿಸಬೇಕು. ಎಲ್ಲರೂ ಕಂಡುಹಿಡಿದ್ರೂ ಹೇಳಿದವರಿಗೆ ಸೊನ್ನೆ, ಯಾರೂ ಕಂಡುಹಿಡೀದಿದ್ರೂ ಸೊನ್ನೆ. ಕೆಲವರಿಗೆ ಮಾತ್ರ ಅರ್ಥ ಆಗೋ ಹಾಗೆ ಹೇಳಬೇಕು. ಒಗಟು ಬಿಡಿಸಿ ಬೆಳೆದ ಅಜ್ಜಿಯರ ಮುಂದೆ ನಾವು ಲೆಕ್ಕಕ್ಕೇ ಇಲ್ಲ.

ಇನ್ನು ಗುಂಪಿನಲ್ಲಿ ಎಲ್ಲಾ ತಾನೇ ಹೇಳೋ ಒಬ್ಬರು ಇರ್ತಾರೆ. ನನ್ನ ರೂಮ್‌ನಲ್ಲಿ ಅದು ನಾನೇ. ಪ್ಯಾಂಡೆಮಿಕ್ ಅಂತ ಒಂದಿದೆ, ಮ್ಯಾಟ್ ಲೀಕಾಕ್ 2008ರಲ್ಲಿ ಮಾಡಿದ್ದು, ಕೊರೋನಾಗಿಂತ ಎಷ್ಟೋ ಮುಂಚೆ. ಎಲ್ಲರೂ ಒಂದೇ ತಂಡವಾಗಿ ರೋಗ ಹರಡೋದನ್ನ ತಡೀಬೇಕು. ಒಬ್ಬರನ್ನೊಬ್ಬರು ಸೋಲಿಸೋದಿಲ್ಲ, ಹಾಗಾಗಿ ಜಗಳ ಆಗಲ್ಲ ಅಂತ ತಂದೆ. ಮೂರನೇ ರಾತ್ರಿ ಫ್ಲಾಟ್‌ಮೇಟ್ ಒಬ್ಬ ತನ್ನ ಕಾರ್ಡುಗಳನ್ನ ನನ್ನ ಕೈಗೇ ಕೊಟ್ಟು, "ನೀನೇ ಆಡ್ಕೋ ಮಗಾ, ನಾನು ಕಾಯಿ ಎತ್ತಿಡ್ತೀನಿ" ಅಂದ. ನಗ್ತಾನೇ ಅಂದ, ಆದ್ರೂ ಅರ್ಥ ಆಯ್ತು. ಎಲ್ಲರ ಕಾರ್ಡೂ ಎಲ್ಲರಿಗೂ ಕಾಣೋ ಸಹಕಾರದ ಆಟದಲ್ಲಿ ಈ ಕಾಯಿಲೆ ಸುಲಭವಾಗಿ ಬರುತ್ತೆ. ಇದಕ್ಕೆ ಮದ್ದು, ಮಾತನ್ನೇ ಕಟ್ಟಿಹಾಕೋ ಆಟಗಳು. ಆ ಮದ್ದು ಹುಡುಕ್ತಾ ಹೋದಾಗ ಸಿಕ್ಕಿದ್ದು ದಿ ಕ್ರೂ. ಅದು ಕೊನೆಗೆ ಹಾಸನ ಸೇರಿತು.

ದಿ ಕ್ರೂ ಅನ್ನೋದು ಬರೀ ಇಸ್ಪೀಟ್ ಥರ. ಒಟ್ಟು 40 ಎಲೆ. ನಾಲ್ಕು ಬಣ್ಣ, ಒಂದೊಂದರಲ್ಲಿ 1ರಿಂದ 9. ಜೊತೆಗೆ ನಾಲ್ಕು ರಾಕೆಟ್ ಎಲೆ, ಅವೇ ತುರುಪು. ಇಳಿದ ಬಣ್ಣವನ್ನೇ ಹಾಕಬೇಕು, ದೊಡ್ಡ ಎಲೆಗೆ ಆ ಸುತ್ತು. ಆದ್ರೆ ಎಲ್ಲರೂ ಒಂದೇ ತಂಡ. 'ಹಸಿರು 3 ಅಮ್ಮನಿಗೇ ಸೇರಬೇಕು' ಅನ್ನೋ ಥರ ಒಂದು ಕೆಲಸ ಇರುತ್ತೆ. ಕೈಯಲ್ಲಿರೋ ಎಲೆ ಬಗ್ಗೆ ಯಾರೂ ಮಾತಾಡೋ ಹಾಗಿಲ್ಲ. ಒಂದು ಸಲ, ಒಂದೇ ಎಲೆ ತೋರಿಸಿ, ಇದು ನನ್ನ ಬಳಿ ಆ ಬಣ್ಣದಲ್ಲಿ ದೊಡ್ಡದು, ಚಿಕ್ಕದು, ಇಲ್ಲಾ ಇರೋದು ಇದೊಂದೇ ಅಂತ ಸೂಚಿಸಬಹುದು. ಅಷ್ಟೇ. ಇಂಥ 50 ಸವಾಲುಗಳು, ಒಂದಕ್ಕಿಂತ ಒಂದು ಕಷ್ಟ.

ಅಪ್ಪ ಕಾಲೇಜು ದಿನಗಳಿಂದ ಇಪ್ಪತ್ತೆಂಟು ಆಡಿದವರು. ಹೋದ ಯುಗಾದಿಗೆ ಹೊಸತೊಡಕಿನ ಊಟ ಆದ್ಮೇಲೆ ನಾನು ಡಬ್ಬಿಯನ್ನ ತೋರಿಸಲೇ ಇಲ್ಲ, ಎಲೆ ಮಾತ್ರ ತಗೊಂಡು ಬಂದೆ. "ಇಸ್ಪೀಟ್ ಥರಾನೇ, ನಾಲ್ಕು ಜನ ಬೇಕು" ಅಂದೆ. ಅಪ್ಪ, ಅಮ್ಮ, ಭಾವ, ನಾನು. ರೂಲ್ಸ್ ಎರಡು ನಿಮಿಷದಲ್ಲಿ ಮುಗೀತು. ಅಮ್ಮ ಹಸಿರು 9 ತೋರಿಸಿದ್ರು. ನಾನು ಹಸಿರು ಇಳಿದೆ. ಅಪ್ಪ ನನ್ನ ಮುಖವನ್ನೂ ನೋಡದೆ 3 ಹಾಕಿದ್ರು, ಅಮ್ಮ 9 ಹಾಕಿ ಎತ್ಕೊಂಡ್ರು. ಅದು ಸುಲಭದ್ದು. ಏಳನೇ ಸವಾಲಿನ ಹೊತ್ತಿಗೆ ನಾವು ಸೋತಾಗ ಅಪ್ಪ ಎಲೆಗಳನ್ನ ಹರಡಿ, ಯಾವ ಸುತ್ತಲ್ಲಿ ಯಾರು ಯಾವ ಎಲೆ ಹಾಕಿದ್ರು ಅಂತ ಒಂದೊಂದಾಗಿ ಹೇಳಿ, "ಆ ಹಳದಿ 8 ಇಟ್ಕೊಂಡು ಯಾವ ಮುಹೂರ್ತಕ್ಕೆ ಕಾಯ್ತಿದ್ದೆ?" ಅಂತ ನನಗೆ ಬೈದ್ರು. ರಾತ್ರಿ ಹನ್ನೊಂದೂವರೆ ಆಗಿತ್ತು. ಅಮ್ಮ ಮಲಗೋಣ ಅಂದ್ರೆ, "ಇನ್ನೊಂದೇ ಒಂದು" ಅಂದಿದ್ದು ಅಪ್ಪ.

ಇದರಿಂದ ನಾನು ಕಲಿತ ಒಂದು ಉಪಾಯ ಹೇಳ್ತೀನಿ. ಅವರು ಈಗಾಗ್ಲೇ ಏನು ಆಡಿದ್ದಾರೆ ಅಂತ ಕೇಳಿ, ಅದರ ಪಕ್ಕದ ಆಟ ಹುಡುಕಿ. ಚೌಕಾಬಾರ ಆಡಿದವರಿಗೆ ದಾಳದ ಅದೃಷ್ಟ, ಕಾಯಿ ಹೊಡೆಯೋ ಖುಷಿ ಯಾರೂ ಕಲಿಸಬೇಕಿಲ್ಲ. ಅಳಗುಳಿಮಣೆ ಆಡಿದವರ ಕೈಯಲ್ಲಿ ಎಣಿಕೆ ಇರುತ್ತೆ. ಇದೆಲ್ಲ ಫಾರಿನ್ ಶೋಕಿ ಅನ್ನೋರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ್ ಮೈಸೂರಲ್ಲಿ ಕೂತು ತಾವೇ ಹೊಸ ಹೊಸ ಮಣೆಯಾಟ ಕಟ್ಟಿದ್ರು ಅಂತ ಹೇಳಿ. ಬಾಯಿ ಮುಚ್ತಾರೆ.

ರೂಲ್ಸ್ ಹೇಳೋವಾಗ ಗೆಲ್ಲೋದು ಹೇಗೆ ಅಂತ ಮೊದಲು ಹೇಳಿ, ನಿಮ್ಮ ಸರದಿಯಲ್ಲಿ ಏನು ಮಾಡಬಹುದು ಅಂತ ಆಮೇಲೆ. ಉಳಿದಿದ್ದು ಆಡ್ತಾ ಆಡ್ತಾ. ಮೊದಲ ಸುತ್ತು ಲೆಕ್ಕಕ್ಕಿಲ್ಲ ಅಂತ ಮೊದಲೇ ಘೋಷಿಸಿಬಿಡಿ.

ದುಡ್ಡಿನ ವಿಷಯ. ಕೊಳ್ಳೋ ಮುಂಚೆ ಕೆಫೆಯಲ್ಲಿ ಒಂದು ಸಲ ಆಡಿ, ಇಲ್ಲಾ ಇರೋರಿಂದ ಸಾಲ ತನ್ನಿ. ಬಿಕಾಂನಲ್ಲಿ ಸಂಕ್ ಕಾಸ್ಟ್ ಅಂತ ಪಾಠ ಇತ್ತು: ಖರ್ಚಾಗಿ ಹೋದ ದುಡ್ಡು ವಾಪಸ್ ಬರಲ್ಲ, ಅದನ್ನ ನೋಡಿ ಮುಂದಿನ ನಿರ್ಧಾರ ಮಾಡಬಾರದು. ಮೂರು ಸಾವಿರ ಕೊಟ್ಟಿದ್ದೀನಿ ಅಂತ ಆಕಳಿಸ್ತಾ ಇರೋ ಜನರನ್ನ ಕೂರಿಸಿ ಆಡಿಸಬೇಡಿ. ನಡುವೆ ನಿಲ್ಲಿಸಿ, ಡಬ್ಬಿ ಮುಚ್ಚಿ, ಚುರುಮುರಿ ತಿನ್ನಿ. ಪರೀಕ್ಷೆಯಲ್ಲಿ ಈ ಪಾಠಕ್ಕೆ ನನಗೆ ಒಳ್ಳೇ ಮಾರ್ಕ್ಸ್ ಬಂದಿತ್ತು, ಆ ದೀಪಾವಳಿ ರಾತ್ರಿ ಮಾತ್ರ ನೆನಪಾಗ್ಲಿಲ್ಲ.

ಸರಿ, ವಾಯ್ಸ್ ನೋಟ್ ಕಳಿಸಿದವರಿಗೆ ಉತ್ತರ. ಏಳು ಜನ, ಅಜ್ಜಿ ಇದ್ದಾರೆ. ಡಿಕ್ಸಿಟ್ ತಗೊಳ್ಳಿ, ಆದ್ರೆ ಡಬ್ಬಿ ನೋಡಿ ತಗೊಳ್ಳಿ: ಹಳೇದು ಆರು ಜನಕ್ಕೆ, ಹೊಸ ಆವೃತ್ತಿ ಎಂಟರ ತನಕ. ಬಜೆಟ್ ಇಲ್ಲ ಅಂದ್ರೆ ಕೋಡ್‌ನೇಮ್ಸ್ ರೂಲ್ಸ್ ಒಂದು ಸಲ ನೋಡ್ಕೊಂಡು, ನಮ್ಮ ಹಾಗೆ ಚೀಟಿಯಲ್ಲಿ ಕನ್ನಡ ಪದ ಬರೀರಿ. 25 ಮನೆಯ ನಕ್ಷೆಯನ್ನ ಪೆನ್ಸಿಲ್‌ನಲ್ಲೇ ಗುರುತು ಹಾಕ್ಕೋಬಹುದು: ಮೊದಲು ಆಡೋ ತಂಡಕ್ಕೆ 9, ಇನ್ನೊಂದಕ್ಕೆ 8, ಯಾರದ್ದೂ ಅಲ್ಲದ್ದು 7, ಕೊಲೆಗಾರ 1. ಪದಗಳನ್ನ ಅಜ್ಜಿ ಹತ್ರ ಹೇಳಿಸಿ ಬರೀರಿ.

ಹಬ್ಬ ಮುಗಿಸ್ಕೊಂಡು ಬಂದು ಏನಾಯ್ತು ಅಂತ ಇನ್ನೊಂದು ವಾಯ್ಸ್ ನೋಟ್ ಕಳಿಸಿ. ನಾವು ಇನ್ನೂ 31ನೇ ಸವಾಲಿನಲ್ಲಿ ಸಿಕ್ಕಾಕ್ಕೊಂಡಿದ್ದೀವಿ. ಮುಂದಿನ ಶನಿವಾರ ಊರಿಗೆ ಹೋಗ್ತಿದ್ದೀನಿ, ಭಾವ ಬರೋಕಾಗಲ್ವಂತೆ, ಅಪ್ಪ ಆಗಲೇ ಪಕ್ಕದ ಮನೆಯವರನ್ನ ನಾಲ್ಕನೆಯವರಾಗಿ ಒಪ್ಪಿಸಿದ್ದಾರಂತೆ.