ದಾಡಿ ದಿನಾಲೂ ಬೇಕೇ?

ಪ್ರಶ್ನೆ: ದಿನಾ ದಾಡಿ ಮಾಡಿಕೊಂಡರೆ ಕುತ್ತಿಗೆ ಉರಿಯುತ್ತದೆ, ಗುಳ್ಳೆ ಏಳುತ್ತವೆ. ಎಷ್ಟು ದಿನಕ್ಕೊಮ್ಮೆ ಮಾಡಿಕೊಳ್ಳಬೇಕು?
– ಓದುಗರು, ಐನಾಪುರ

ಉತ್ತರ: ಎಲ್ಲರಿಗೂ ಒಂದೇ ಲೆಕ್ಕವಿಲ್ಲ. ಗಡ್ಡ ದಿನಕ್ಕೆ ಅರ್ಧ ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಬ್ಲೇಡು ಮಾತ್ರ ಪ್ರತಿಸಲವೂ ಚರ್ಮದ ಮೇಲ್ಪದರವನ್ನು ಕೆರೆಯುತ್ತದೆ. ಈಗಿನ ಉರಿ ಪೂರ್ತಿ ಆರಲಿ, ಆಮೇಲೆ ಎರಡು-ಮೂರು ದಿನಕ್ಕೊಮ್ಮೆ ಮಾಡಿಕೊಳ್ಳಿ. ಗುಂಗುರು ಗಡ್ಡವಾದರೆ ತೀರ ನುಣ್ಣಗೆ ಹೆರೆಯಲೇಬೇಡಿ. ಚೂಪಾದ ತುದಿ ಬಾಗಿ ಚರ್ಮದೊಳಗೇ ಚುಚ್ಚಿಕೊಳ್ಳುತ್ತದೆ, ಕುತ್ತಿಗೆಯ ಗುಳ್ಳೆಗೆ ಹೆಚ್ಚಾಗಿ ಅದೇ ಕಾರಣ.

ಬೋರಿನ ನೀರು ಗಡಸಾಗಿದ್ದರೆ ನೊರೆ ಸರಿಯಾಗಿ ಏಳದು. ಕೃಷ್ಣಾ ಹೊಳೆಯ ನೀರು ನಲ್ಲಿಗೆ ಬರುತ್ತಿದ್ದರೆ ಅದನ್ನೇ ಬಿಸಿ ಮಾಡಿಕೊಳ್ಳಿ. ಎರಡು ನಿಮಿಷ ನೆನೆಸಿ, ಕೂದಲು ಬೆಳೆದ ದಿಕ್ಕಿಗೇ ಹಗುರವಾಗಿ ಎಳೆಯಿರಿ. ಬ್ಲೇಡು ಐದಾರು ಸಲಕ್ಕೆ ಬದಲಾಗಲಿ. ತುರಟಿ ರಕ್ತ ನಿಲ್ಲಿಸುತ್ತದೆ, ಉರಿ ಆರಿಸುವುದಿಲ್ಲ. ಗುಳ್ಳೆಯಲ್ಲಿ ಕೀವು ಕಂಡರೆ ದಾಡಿ ನಿಲ್ಲಿಸಿ, ಚರ್ಮದ ವೈದ್ಯರಿಗೆ ತೋರಿಸಿ.