ಬಾಡಿಗೆ ಜಾಹೀರಾತಿಗೂ ಕಾನೂನಿನ ಕಣ್ಣು

ಅಮೆರಿಕದ ಫೇರ್ ಹೌಸಿಂಗ್ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಅಂಕಿತ ಹಾಕಿದ್ದು 1968ರ ಏಪ್ರಿಲ್ 11ರಂದು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ಆಗಿನ್ನೂ ಒಂದು ವಾರ. ಜನಾಂಗ, ಮೈಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ಇಲ್ಲವೆನ್ನುವುದನ್ನು ಅದು ನಿಷೇಧಿಸಿತು. ಈ ಪಟ್ಟಿಗೆ 1974ರಲ್ಲಿ ಲಿಂಗವೂ 1988ರಲ್ಲಿ ಅಂಗವೈಕಲ್ಯವೂ ಮನೆಯಲ್ಲಿ ಮಕ್ಕಳಿರುವುದೂ ಸೇರಿದವು.

ಇಂಥವರಿಗೆ ಆದ್ಯತೆ, ಇಂಥವರು ಬೇಡ ಎಂದು ಸೂಚಿಸುವ ಜಾಹೀರಾತನ್ನು ಬರೆಯುವುದೂ ಅಚ್ಚುಹಾಕುವುದೂ ಇದೇ ಕಾಯ್ದೆಯಡಿ ಕಾನೂನುಬಾಹಿರ. ಇಲ್ಲೊಂದು ವಿಚಿತ್ರವಿದೆ. ನಾಲ್ಕು ಮನೆಗಳವರೆಗಿನ ಕಟ್ಟಡದಲ್ಲಿ ಮಾಲೀಕರೂ ವಾಸವಿದ್ದರೆ ಬಾಡಿಗೆದಾರರ ಆಯ್ಕೆಯಲ್ಲಿ ಅವರಿಗೆ ವಿನಾಯಿತಿಯುಂಟು. ಮನೆಯ ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕುವ ಕಲ್ಪಿತ ವಿಧವೆಯೊಬ್ಬಳ ನೆನಪಿನಲ್ಲಿ ಇದಕ್ಕೆ 'ಮಿಸೆಸ್ ಮರ್ಫಿ ವಿನಾಯಿತಿ' ಎಂದೇ ಹೆಸರು. (ಜನಾಂಗದ ಕಾರಣಕ್ಕೆ ನಿರಾಕರಿಸಲು ಮಾತ್ರ 1866ರ ಹಳೆಯ ಕಾಯ್ದೆ ಅವಳಿಗೂ ಬಿಡುವುದಿಲ್ಲ.) ಆದರೆ ಜಾಹೀರಾತಿನ ನಿಯಮಕ್ಕೆ ಈ ವಿನಾಯಿತಿಯಿಲ್ಲ. ಈ ಕಾಯ್ದೆಯಡಿ ಬಾಯಿಮುಚ್ಚಿ ಮಾಡಿದರೆ ದಕ್ಕುವುದು, ಬೋರ್ಡಿನ ಮೇಲೆ ಬರೆದರೆ ದಕ್ಕದು. ಇದು ಅಸಂಗತವೆನಿಸಿದರೂ ಅರ್ಥವಿಲ್ಲದ್ದಲ್ಲ: ಮುಚ್ಚಿದ ಬಾಗಿಲು ಬಂದವರೊಬ್ಬರನ್ನು ನೋಯಿಸುತ್ತದೆ, ಅಚ್ಚಾದ ಸಾಲು ಓದಿದವರನ್ನೆಲ್ಲ ನೋಯಿಸುತ್ತದೆ.

ಮೇರಿಲ್ಯಾಂಡ್‌ನ ಪತ್ರಿಕೆಯೊಂದು 'ವೈಟ್ ಹೋಮ್' (ಬಿಳಿಯರ ಮನೆ) ಎಂಬ ಬಾಡಿಗೆ ಜಾಹೀರಾತು ಅಚ್ಚುಹಾಕಿತ್ತು. 1972ರಲ್ಲಿ ಮೇಲ್ಮನವಿ ನ್ಯಾಯಾಲಯ ಪತ್ರಿಕೆಯನ್ನೂ ಹೊಣೆ ಮಾಡಿತು. ಸಾಮಾನ್ಯ ಓದುಗನಿಗೆ ಅದು ಹೇಗೆ ಅರ್ಥವಾಗುತ್ತದೆ ಎಂಬುದೇ ಅಳತೆಗೋಲಾಯಿತು. ಹಾಗೆಂದು ಪದಗಳಿಗೆಲ್ಲ ಹೆದರಬೇಕಿಲ್ಲ. ಮನೆಯನ್ನು ವರ್ಣಿಸುವ 'ಮಾಸ್ಟರ್ ಬೆಡ್‌ರೂಮ್', 'ಬಸ್ ನಿಲ್ದಾಣಕ್ಕೆ ನಡೆದೇ ಹೋಗಬಹುದು' ಎಂಬ ಮಾತುಗಳಿಗೆ ತಕರಾರಿಲ್ಲವೆಂದು ವಸತಿ ಇಲಾಖೆ 1995ರಲ್ಲಿ ಸ್ಪಷ್ಟಪಡಿಸಿತು. ಬರುವವರನ್ನು ವರ್ಣಿಸಿದಾಗಲೇ ತೊಡಕು. ಅದಕ್ಕೂ ಒಂದು ಅಪವಾದವಿದೆ: ಒಂದೇ ಮನೆ ಹಂಚಿಕೊಳ್ಳುವವರು 'ಹೆಂಗಸರಿಗೆ ಮಾತ್ರ' ಎನ್ನಬಹುದು. ಆದರೆ ಅಲ್ಲಿನ ಕನ್ನಡಿಗ ಮಾಲೀಕ 'ಭಾರತೀಯರಿಗೆ ಮಾತ್ರ' ಎಂದು ಬರೆದರೆ ಅದು ಮೂಲದೇಶದ ತಾರತಮ್ಯ.

ಅಂತರ್ಜಾಲ ಬಂದ ಮೇಲೆ ಹೊಣೆ ಸಡಿಲವಾಯಿತು. ಬಳಕೆದಾರರು ಬರೆದದ್ದಕ್ಕೆ ಜಾಲತಾಣ ಪ್ರಕಾಶಕನಲ್ಲ ಎನ್ನುವ 1996ರ ಕಾನೂನಿನ ಬಲದಿಂದ 2008ರಲ್ಲಿ ಜಾಹೀರಾತು ತಾಣ ಕ್ರೇಗ್ಸ್‌ಲಿಸ್ಟ್ ಪಾರಾಯಿತು. ಬರೆದವರು ಮಾತ್ರ ಪಾರಾಗುವುದಿಲ್ಲ. ಅದೇ ವರ್ಷ, ಜೊತೆಗೆ ವಾಸಿಸುವವರನ್ನು ಹುಡುಕಿಕೊಡುವ ರೂಮ್‌ಮೇಟ್ಸ್ ತಾಣಕ್ಕೆ ಇನ್ನೊಂದು ನ್ಯಾಯಾಲಯ ಆ ರಕ್ಷಣೆಯನ್ನು ಪೂರ್ತಿ ಕೊಡಲಿಲ್ಲ, ಏಕೆಂದರೆ ಲಿಂಗ ಯಾವುದು, ಮಕ್ಕಳಿದ್ದಾರೆಯೇ ಎಂಬ ಪ್ರಶ್ನೆಗಳನ್ನು ತಾಣವೇ ಕಡ್ಡಾಯವಾಗಿ ಕೇಳುತ್ತಿತ್ತು.

ಈಗಿನ ತಾರತಮ್ಯಕ್ಕೆ ಪದಗಳೇ ಬೇಕಿಲ್ಲ. ಜಾಹೀರಾತು ಯಾರ ಕಣ್ಣಿಗೆ ಬೀಳಬೇಕೆಂದು ಆರಿಸಿದರೆ ಸಾಕು. ಕಾಣದವರಿಗೆ ದೂರುವುದಕ್ಕೂ ಏನೂ ಸಿಗದು. 2019ರಲ್ಲಿ ವಸತಿ ಇಲಾಖೆ ಫೇಸ್‌ಬುಕ್ ಮೇಲೆ ಇದೇ ಆರೋಪ ಹೊರಿಸಿತು. 2022ರ ಒಪ್ಪಂದದಂತೆ ಫೇಸ್‌ಬುಕ್‌ನ ಒಡೆತನದ ಸಂಸ್ಥೆ ಮೆಟಾ 1,15,054 ಡಾಲರ್ ದಂಡ ತೆರಲು, ವಸತಿ ಜಾಹೀರಾತಿಗೆ ವೀಕ್ಷಕರನ್ನು ಆರಿಸಿಕೊಡುತ್ತಿದ್ದ ಒಂದು ಸಾಧನವನ್ನು ಕೈಬಿಡಲು ಒಪ್ಪಿತು.