ಹರೆಯದಲ್ಲೇ ಮುಪ್ಪು

ಹೈಸ್ಕೂಲಿನ ಹುಡುಗನ ತಲೆಯಲ್ಲಿ ನಾಲ್ಕು ಬಿಳಿ ಕೂದಲು ಕಂಡರೆ ನಮ್ಮ ಹಳ್ಳಿಗಳಲ್ಲಿ ಯಾರೂ ಗಾಬರಿಯಾಗುವುದಿಲ್ಲ. ‘ಬಾಲನರೆ, ಅವರಪ್ಪನಿಗೂ ಹಾಗೇ ಇತ್ತು’ ಎಂದು ಸುಮ್ಮನಾಗುತ್ತಾರೆ. ಬಹುಪಾಲು ಮಕ್ಕಳ ಮಟ್ಟಿಗೆ ಅದು ನಿಜವೂ ಹೌದು. ವಂಶದ ಗುಣ, ಬಿ-12 ಜೀವಸತ್ವದ ಕೊರತೆ, ಥೈರಾಯಿಡ್ ತೊಂದರೆ ಇವೆಲ್ಲ ಬಾಲನರೆಗೆ ಕಾರಣವಾಗುತ್ತವೆ. ಆದರೆ ನರೆಯ ಜೊತೆಗೆ ಬೆಳವಣಿಗೆಯೂ ನಿಂತು, ದನಿ ಕೀರಲಾಗಿ, ಮೂವತ್ತರ ಆಸುಪಾಸಿನಲ್ಲೇ ಎರಡೂ ಕಣ್ಣಿಗೆ ಪೊರೆ ಬಂದರೆ? ಅದು ವಂಶವಾಹಿಗಳ ಮೂಲಕ ಬರುವ, ತೀರಾ ಅಪರೂಪದ ಅಕಾಲ ಮುಪ್ಪಿನ ಕಾಯಿಲೆ ಇರಬಹುದು. ವೈದ್ಯರು ಇದನ್ನು ವರ್ನರ್ ಸಿಂಡ್ರೋಮ್ ಎನ್ನುತ್ತಾರೆ.

ಅಕಾಲ ಮುಪ್ಪು ಎಂದೊಡನೆ 2009ರಲ್ಲಿ ತೆರೆಕಂಡ ‘ಪಾ’ ಹಿಂದಿ ಚಿತ್ರದ ಬಾಲಕ ಹಲವರಿಗೆ ನೆನಪಾಗುತ್ತಾನೆ. ಅವನಿಗಿದ್ದದ್ದು ಪ್ರೊಜೀರಿಯಾ. ಅದು ಹುಟ್ಟಿದ ಒಂದೆರಡು ವರ್ಷದಲ್ಲೇ ಕಾಣಿಸಿಕೊಳ್ಳುತ್ತದೆ ಮತ್ತು ಸಾಮಾನ್ಯವಾಗಿ ತಂದೆತಾಯಿಯಿಂದ ಬಂದದ್ದಲ್ಲ; ಮಗುವಿನಲ್ಲೇ ಹೊಸದಾಗಿ ಆದ ವಂಶವಾಹಿ ಬದಲಾವಣೆ. ವರ್ನರ್ ಕಾಯಿಲೆ ಹಾಗಲ್ಲ. ಮಗು ಹತ್ತು ವರ್ಷದವರೆಗೂ ಎಲ್ಲರಂತೆಯೇ ಆಡಿಕೊಂಡಿರುತ್ತದೆ. ಕಾಯಿಲೆಯ ಬೀಜ ಮಾತ್ರ ತಂದೆ ಮತ್ತು ತಾಯಿ ಇಬ್ಬರಿಂದಲೂ ಬಂದಿರುತ್ತದೆ.

ಇದನ್ನು ಮೊದಲು ಗುರುತಿಸಿದವರು ಆಟೋ ವರ್ನರ್. 1904ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ತಮ್ಮ ಪ್ರಬಂಧದಲ್ಲಿ ಅವರು ಒಂದೇ ಮನೆಯ ನಾಲ್ವರು ಒಡಹುಟ್ಟಿದವರನ್ನು ವರ್ಣಿಸಿದ್ದರು. ನಾಲ್ವರಿಗೂ ಕುಳ್ಳು ದೇಹ, ನರೆತ ತಲೆ, ಬಿಗಿದ ಚರ್ಮ, ಕಣ್ಣಿನ ಪೊರೆ.

ಕುರುಹುಗಳು

ಮೊದಲ ಕುರುಹು ಕಾಣುವುದು ಶಾಲೆಯ ದಿನಗಳಲ್ಲಿ. ಹದಿಹರೆಯದಲ್ಲಿ ಮಕ್ಕಳು ಒಮ್ಮೆಲೇ ಎತ್ತರವಾಗುತ್ತಾರಲ್ಲ, ಆ ಜಿಗಿತ ಈ ಮಕ್ಕಳಲ್ಲಿ ಬರುವುದೇ ಇಲ್ಲ. ಇಪ್ಪತ್ತು ದಾಟುವ ಹೊತ್ತಿಗೆ ಕೂದಲು ನರೆಯುತ್ತದೆ, ಉದುರುತ್ತದೆ. ದನಿ ಸಣ್ಣಗೆ, ಒಡೆದಂತೆ ಆಗುತ್ತದೆ. ಕೈಕಾಲು ಸೊರಗಿ ಚರ್ಮ ಮೂಳೆಗೆ ಅಂಟಿದಂತೆ ಬಿಗಿಯುತ್ತದೆ. ಮೂವತ್ತರ ಸುಮಾರಿಗೆ ಕಣ್ಣಿನ ಪೊರೆ, ಸಕ್ಕರೆ ಕಾಯಿಲೆ, ಟೊಳ್ಳಾಗುವ ಮೂಳೆ, ಪಾದದ ಗಿಣ್ಣಿನ ಬಳಿ ಮಾಯದ ಹುಣ್ಣು. ಕೊನೆಗೆ ಹೆಚ್ಚಿನವರನ್ನು ಬಲಿ ತೆಗೆದುಕೊಳ್ಳುವುದು ಹೃದಯಾಘಾತ ಅಥವಾ ಕ್ಯಾನ್ಸರ್. ಸಾಮಾನ್ಯವಾಗಿ ಐವತ್ತರ ಹರೆಯದಲ್ಲಿ.

ಗಮನಿಸಬೇಕಾದ್ದು ಒಂದಿದೆ. ಬುದ್ಧಿಶಕ್ತಿಗೆ ಈ ಕಾಯಿಲೆ ಸಾಮಾನ್ಯವಾಗಿ ಕೈಹಾಕುವುದಿಲ್ಲ. ಇವರು ಓದಬಲ್ಲರು, ದುಡಿಯಬಲ್ಲರು. ತರಗತಿಯಲ್ಲಿ ‘ಕುಳ್ಳ’, ‘ಮುದುಕ’ ಎಂಬ ಅಡ್ಡಹೆಸರು ಎಷ್ಟು ನೋಯಿಸುತ್ತದೆ ಎಂಬುದೂ ಇವರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಹುರಿ ಬಿಚ್ಚುವ ಕೆಲಸ

ಡಿಎನ್‌ಎ ಎಂಬುದು ಎರಡೆಳೆಯ ಹುರಿ. ಅದನ್ನು ನಕಲು ಮಾಡಲು, ಕೆಟ್ಟದ್ದನ್ನು ರಿಪೇರಿ ಮಾಡಲು ಮೊದಲು ಹುರಿ ಬಿಚ್ಚಬೇಕು. ಆ ಕೆಲಸ ಮಾಡುವ ಕಿಣ್ವಗಳಲ್ಲಿ ಒಂದನ್ನು ತಯಾರಿಸುವ ಸೂಚನೆ ಎಂಟನೆಯ ವರ್ಣತಂತುವಿನಲ್ಲಿದೆ. ಈ ವಂಶವಾಹಿಯನ್ನು 1996ರಲ್ಲಿ ಅಮೆರಿಕದ ಸಿಯಾಟಲ್‌ನ ವಿಜ್ಞಾನಿಗಳ ತಂಡ ಗುರುತಿಸಿತು. ಅದು ಕೆಟ್ಟರೆ ರಿಪೇರಿ ಹಿಂದೆ ಬೀಳುತ್ತದೆ, ತಪ್ಪುಗಳು ಗುಡ್ಡೆಯಾಗುತ್ತವೆ, ಜೀವಕೋಶಗಳು ಬೇಗ ದಣಿದು ವಿಭಜನೆ ನಿಲ್ಲಿಸುತ್ತವೆ.

ಪ್ರತಿಯೊಬ್ಬರಲ್ಲೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ತೂಗಿಸುತ್ತದೆ. ಹಾಗಾಗಿ ಕೆಟ್ಟ ಪ್ರತಿ ಹೊತ್ತವರು ಆರೋಗ್ಯವಾಗಿಯೇ ಇರುತ್ತಾರೆ, ಅವರಿಗದು ಗೊತ್ತೂ ಇರುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಮಾತ್ರ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಂಭವ.

ಸೋದರಿಕೆಯ ಲೆಕ್ಕ

ಜಗತ್ತಿನಲ್ಲಿ ಈವರೆಗೆ ವರದಿಯಾದ ವರ್ನರ್ ರೋಗಿಗಳಲ್ಲಿ ಬಹುಪಾಲು ಜಪಾನಿನವರು. ಅಲ್ಲಿ ಹಿಂದೆ ಹತ್ತಿರದ ಸಂಬಂಧಿಗಳಲ್ಲಿ ಮದುವೆಯಾಗುವ ಪದ್ಧತಿಯಿತ್ತು. ಅನೇಕ ರೋಗಿಗಳ ತಂದೆತಾಯಿ ರಕ್ತಸಂಬಂಧಿಗಳು. ಈ ಮಾತು ನಮಗೂ ತಾಕುತ್ತದೆ. ಶೀಳನೆರೆ, ಕಿಕ್ಕೇರಿ, ನಾಗಮಂಗಲದ ಕಡೆ ಅಕ್ಕನ ಮಗಳನ್ನು ತಂದುಕೊಂಡ ಮನೆ, ಸೋದರತ್ತೆಯ ಮಗನಿಗೆ ಕೊಟ್ಟ ಮನೆ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳ ಅಧ್ಯಯನ ನಡೆದಾಗ, ಸುಮಾರು ಮೂರರಲ್ಲಿ ಒಂದು ಮಗುವಿನ ತಂದೆತಾಯಿ ರಕ್ತಸಂಬಂಧಿಗಳಾಗಿದ್ದರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಪ್ರಮಾಣ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ ಇರಲಿಲ್ಲ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ಹಾಕಿ ನೋಡಬಹುದು. ಅಜ್ಜಿಯಲ್ಲಿ ಒಂದು ಕೆಟ್ಟ ಪ್ರತಿ ಇದೆಯೆಂದುಕೊಳ್ಳಿ. ಅದು ಮಗನಿಗೆ ಬರುವ ಸಂಭವ 1/2. ಮಗಳ ಮೂಲಕ ಮೊಮ್ಮಗಳಿಗೆ ಬರುವ ಸಂಭವ 1/4. ಈ ಮಗನೂ ಮೊಮ್ಮಗಳೂ ಮದುವೆಯಾದರೆ ಇಬ್ಬರಲ್ಲೂ ಅದು ಇರುವ ಸಂಭವ 1/8; ಹುಟ್ಟುವ ಮಗುವಿಗೆ ಕಾಯಿಲೆ ಬರುವ ಸಂಭವ ಅದರ ಕಾಲುಭಾಗ, ಅಂದರೆ 1/32. ಸೋದರತ್ತೆ, ಸೋದರಮಾವನ ಮಕ್ಕಳ ನಡುವಿನ ಮದುವೆಯಾದರೆ 1/64. ಹೊರಗಿನಿಂದ ಹೆಣ್ಣು ತಂದರೆ ಅದೇ ಕೆಟ್ಟ ಪ್ರತಿ ಅವಳಲ್ಲೂ ಇರುವ ಸಂಭವ ತೀರಾ ಕಡಿಮೆ. ಸೋದರಿಕೆ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ. ಆದರೆ ವರ್ನರ್ ಒಂದೇ ಅಲ್ಲ, ಹೀಗೆ ಅಡಗಿ ಬರುವ ಕಾಯಿಲೆಗಳು ನೂರಾರು ಇವೆ ಎಂಬುದನ್ನು ಮರೆಯಬಾರದು.

ಪೋಷಕರು ಏನು ಮಾಡಬೇಕು?

ಎತ್ತರ ಕಡಿಮೆಯೆಂದ ಮಾತ್ರಕ್ಕೆ ಹೆದರಬೇಕಿಲ್ಲ. ತಡವಾಗಿ ಬೆಳೆಯುವ ಮಕ್ಕಳಿದ್ದಾರೆ, ಪೌಷ್ಟಿಕ ಆಹಾರ ಸಾಲದ ಮಕ್ಕಳಿದ್ದಾರೆ. ಪ್ರತಿ ಯುಗಾದಿಗೆ ಮಗುವನ್ನು ಗೋಡೆಗೆ ನಿಲ್ಲಿಸಿ ಒಂದು ಗೆರೆ ಎಳೆಯಿರಿ. ಹದಿಹರೆಯದಲ್ಲಿ ಎರಡು ಗೆರೆಗಳ ನಡುವೆ ಅಂತರವೇ ಕಾಣದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಅವರೇ ಮಂಡ್ಯ ಅಥವಾ ಮೈಸೂರಿನ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಲಾದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರವೂ ಒಂದು.

ವರ್ನರ್ ಕಾಯಿಲೆಗೆ ಮದ್ದಿಲ್ಲ. ಆದರೆ ಪೊರೆ ತೆಗೆಸಿದರೆ ಕಣ್ಣು ಕಾಣುತ್ತದೆ. ಸಕ್ಕರೆ, ಕೊಬ್ಬು ಹತೋಟಿಯಲ್ಲಿಟ್ಟರೆ, ಬೀಡಿ ಸಿಗರೇಟಿನಿಂದ ದೂರವಿದ್ದರೆ, ಕ್ಯಾನ್ಸರಿಗಾಗಿ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿದರೆ ಆಯುಷ್ಯ ಕೂಡಿಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಖಚಿತವಾದರೆ ಒಡಹುಟ್ಟಿದವರೂ ರಕ್ತಪರೀಕ್ಷೆ ಮಾಡಿಸಿಕೊಂಡು ಸಲಹೆ ಪಡೆಯುವುದು ಒಳ್ಳೆಯದು, ಅದೂ ಮದುವೆಯ ಮಾತುಕತೆಗೆ ಮೊದಲೇ. ಇದು ಯಾರ ಶಾಪವೂ ಅಲ್ಲ, ತಾಯಿಯೊಬ್ಬಳ ತಪ್ಪೂ ಅಲ್ಲ. ಮಗು ಪಡೆದದ್ದು ಎರಡೂ ಕಡೆಯಿಂದ. ಜೊತೆಗೆ ನಿಲ್ಲಬೇಕಾದವರೂ ಎರಡೂ ಕಡೆಯವರು.